ಒಂದು ಸಂಗತಿಗೆ ಒಂದೇ ನೆಲೆ

ಗಣಕಯಂತ್ರಗಳು ದೊಡ್ಡ ಕಚೇರಿಗಳ ಲೆಕ್ಕಪತ್ರವನ್ನು ವಹಿಸಿಕೊಂಡಾಗ ಕಾಗದದ ಕಾಲದ ಒಂದು ತೊಡಕೂ ಅವುಗಳ ಬೆನ್ನು ಹತ್ತಿ ಬಂತು. ಒಂದೇ ಸಂಗತಿಯನ್ನು ಹಲವು ಕಡೆ ಬರೆದಿಡುವ ಅಭ್ಯಾಸವೇ ಅದು. ಬ್ಯಾಂಕೊಂದು ನಮ್ಮ ವಿಳಾಸವನ್ನು ನಮ್ಮ ಪ್ರತಿಯೊಂದು ಖಾತೆಯೊಡನೆಯೂ ಬರೆದಿಟ್ಟಿದೆ ಎನ್ನೋಣ. ನಾವು ಬಾಡಿಗೆ ಮನೆ ಬದಲಿಸಿದರೆ ಅಷ್ಟೂ ಕಡೆ ತಿದ್ದಬೇಕು. ಒಂದು ಕಡೆ ಮರೆತರೂ ನಮಗೆ ಎರಡು ವಿಳಾಸ!

ಈ ತೊಡಕನ್ನು ಗಣಿತದ ಕಣ್ಣಿನಿಂದ ನೋಡಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ದುಡಿದ ಇವರು, ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿ, ಒಂದು ಚೌಕದಲ್ಲಿ ಒಂದೇ ಸಂಗತಿಯಂತೆ ಇಡಬೇಕೆಂದು 1970ರ ಪ್ರಬಂಧದಲ್ಲಿ ವಾದಿಸಿದರು. ಮರುವರ್ಷ ಇನ್ನೆರಡು ಹಂತಗಳನ್ನು ಸೇರಿಸಿದರು. ಸಾರ ಇಷ್ಟೇ: ಕೋಷ್ಟಕದ ಪ್ರತಿಯೊಂದು ವಿವರವೂ ಅದರ ಗುರುತುಸಂಖ್ಯೆಯನ್ನೇ ನೇರವಾಗಿ, ಪೂರ್ತಿಯಾಗಿ ಅವಲಂಬಿಸಿರಬೇಕು. ವಿಳಾಸ ಖಾತೆಯದಲ್ಲ, ಗಿರಾಕಿಯದು. ಆದ್ದರಿಂದ ಅದು ಗಿರಾಕಿಗಳ ಕೋಷ್ಟಕಕ್ಕೇ ಸೇರಬೇಕು. ಖಾತೆಗಳ ಕೋಷ್ಟಕದಲ್ಲಿ ಗಿರಾಕಿಯ ಸಂಖ್ಯೆಯೊಂದಿದ್ದರೆ ಸಾಕು. ಇದಕ್ಕೆ 'ನಾರ್ಮಲೈಸೇಶನ್' ಎಂದು ಹೆಸರು. 1974ರಲ್ಲಿ ರೇಮಂಡ್ ಬಾಯ್ಸ್ ಅವರೊಡನೆ ಕಾಡ್ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿದರು.

ಮೊದಲಿಗೆ ಅವರ ಸಂಸ್ಥೆಯೇ ಉತ್ಸಾಹ ತೋರಲಿಲ್ಲ. ಅದರ ಹಳೆಯ ಪದ್ಧತಿಯ ಐ.ಎಂ.ಎಸ್. ಆಗಲೇ ಮಾರುಕಟ್ಟೆಯಲ್ಲಿತ್ತು. ಆದರೂ 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1983ರಲ್ಲಿ ಐ.ಬಿ.ಎಂ. ಅವರ ದಾರಿಯಲ್ಲೇ ಡಿಬಿ2 ಎಂಬ ವ್ಯವಸ್ಥೆಯನ್ನು ಹೊರತಂದಿತು.

ಹೀಗೆ ಬಿಡಿಸಿಟ್ಟ ಕೋಷ್ಟಕಗಳನ್ನು ಬೇಕಾದಾಗ ಮತ್ತೆ ಜೋಡಿಸುವ ಕೆಲಸ ಯಂತ್ರಕ್ಕೆ ಹೆಚ್ಚಾಗುತ್ತದೆ, ನಿಜ. ಆದರೆ ಊರಿಂದೂರಿಗೆ ನೆಲೆ ಬದಲಿಸುವ ನಮ್ಮಂಥ ಕುಟುಂಬಗಳಿಗೆ, ಒಮ್ಮೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಗುವ ಈ ಏರ್ಪಾಡು ಸಣ್ಣ ಉಪಕಾರವೇನಲ್ಲ.