ಟ್ರ್ಯಾಕ್ ಕಾರಿಗೆ ಹೆಚ್ಚುವರಿ ಗೇಜ್, ಸ್ವಿಚ್: ವೈರಿಂಗ್ ಹೇಗಿರಬೇಕು, ಎಡವುವುದು ಎಲ್ಲಿ?

ರಸ್ತೆಯಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಕಾರು ರೇಸ್ ಟ್ರ್ಯಾಕ್‌ನಲ್ಲಿ ಕೆಲವೇ ಸುತ್ತುಗಳಲ್ಲಿ ಎಂಜಿನ್ ಕಳೆದುಕೊಳ್ಳಬಹುದು. ಉದ್ದನೆಯ ತಿರುವನ್ನು ವೇಗವಾಗಿ ದಾಟುವಾಗ ಸಂಪ್‌ನಲ್ಲಿರುವ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಆಗ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ. ಒತ್ತಡ ಕುಸಿದ ಆ ಒಂದೆರಡು ಸೆಕೆಂಡುಗಳೇ ಬೇರಿಂಗ್‌ಗಳಿಗೆ ಕುತ್ತು.

ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಂಥ ಟ್ರ್ಯಾಕ್‌ಗಳಿಗಾಗಿ ಸ್ವಂತ ಕಾರು ಸಿದ್ಧಪಡಿಸುವವರು ಹೆಚ್ಚುವರಿ ಗೇಜ್ ಹಾಕಿಸುವುದು ಇದೇ ಕಾರಣಕ್ಕೆ. ಆದರೆ ಎಂಜಿನ್ ಉಳಿಸಲು ಎಳೆದ ವೈರೇ ಕಾರನ್ನು ಸುಡಬಾರದು. ವೈರಿಂಗ್‌ನಲ್ಲಿ ಗಮನಿಸಬೇಕಾದ ಅಂಶಗಳು ಇಲ್ಲಿವೆ.

ಯಾವ ಗೇಜ್ ಮುಖ್ಯ?

ಆಯಿಲ್ ಒತ್ತಡ, ಆಯಿಲ್ ತಾಪಮಾನ, ಕೂಲೆಂಟ್ ತಾಪಮಾನ, ಬ್ಯಾಟರಿ ವೋಲ್ಟೇಜ್. ಮೊದಲು ಬೇಕಾದವು ಈ ನಾಲ್ಕು. ಕಂಪನಿ ಕೊಟ್ಟ ಆಯಿಲ್ ಲೈಟ್ ಸಾಮಾನ್ಯವಾಗಿ ಒತ್ತಡ ಸುಮಾರು 7 ಪಿಎಸ್‌ಐ ಆಸುಪಾಸಿಗೆ ಇಳಿದ ಮೇಲಷ್ಟೇ ಉರಿಯುತ್ತದೆ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಒತ್ತಡ ಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಅಂದಾಜು. ಅಂದರೆ 6,000 ಆರ್‌ಪಿಎಂನಲ್ಲಿ ಸುಮಾರು 60 ಪಿಎಸ್‌ಐ ಇರಬೇಕಾದ ಎಂಜಿನ್‌ಗೆ ಆ ಲೈಟ್ ಎಚ್ಚರಿಸುವಷ್ಟರಲ್ಲಿ ತಡವಾಗಿರುತ್ತದೆ.

ವೋಲ್ಟೇಜ್ ಗೇಜ್ ಓದುವುದು ಸುಲಭ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಓಡುತ್ತಿರುವಾಗ 12ರ ಕಡೆಗೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಅಥವಾ ಅದರ ವೈರ್ ಪರೀಕ್ಷಿಸಬೇಕು.

ಗೇಜ್ ಮತ್ತು ಅದರ ಸೆನ್ಸರ್ ಒಂದೇ ಜೋಡಿಯದ್ದಾಗಿರಬೇಕು. ಬೇರೆ ಬೇರೆ ಕಂಪನಿಯವನ್ನು ಸೇರಿಸಿದರೆ ಮುಳ್ಳು ಚಲಿಸುತ್ತದೆ, ಅಂಕಿ ಮಾತ್ರ ತಪ್ಪಿರುತ್ತದೆ. ಆಯಿಲ್ ಪೈಪನ್ನೇ ಕ್ಯಾಬಿನ್‌ಗೆ ತರುವ ಮೆಕ್ಯಾನಿಕಲ್ ಗೇಜ್‌ಗಿಂತ ಎಲೆಕ್ಟ್ರಿಕ್ ಗೇಜ್ ಸುರಕ್ಷಿತ. ಪೈಪ್ ಒಡೆದರೆ ಬಿಸಿ ಆಯಿಲ್ ಚಾಲಕನ ಕಾಲ ಮೇಲೆ ಸುರಿಯುವ ಅಪಾಯ ಇದರಲ್ಲಿಲ್ಲ.

ಸ್ವಿಚ್ ಮೇಲೆ ಭಾರ ಬೇಡ

ರೇಡಿಯೇಟರ್ ಫ್ಯಾನ್ 240 ವ್ಯಾಟ್‌ನದ್ದು ಎಂದುಕೊಳ್ಳಿ. 12 ವೋಲ್ಟ್‌ನಲ್ಲಿ ಅದು ಎಳೆಯುವ ಕರೆಂಟ್ 20 ಆಂಪಿಯರ್. ಚಾಲೂ ಆಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಇಷ್ಟನ್ನೂ ಡ್ಯಾಶ್‌ಬೋರ್ಡ್‌ನ ಸಣ್ಣ ಟಾಗಲ್ ಸ್ವಿಚ್ ಮೂಲಕ ಹರಿಸಿದರೆ ಸ್ವಿಚ್‌ನ ಒಳಗಿನ ಕಾಂಟ್ಯಾಕ್ಟ್ ಕರಗುತ್ತದೆ.

ಇದಕ್ಕೆ ಪರಿಹಾರ ರಿಲೇ. ಸ್ವಿಚ್ ರಿಲೇಯ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ. ಅದಕ್ಕೆ ಕಾಲು ಆಂಪಿಯರ್ ಕೂಡ ಬೇಕಾಗುವುದಿಲ್ಲ. ಭಾರಿ ಕರೆಂಟ್ ಬ್ಯಾಟರಿಯಿಂದ ರಿಲೇ ಮೂಲಕ ನೇರ ಫ್ಯಾನ್‌ಗೆ ಹೋಗುತ್ತದೆ. ರಿಲೇ ಕೆಳಗಿನ ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು: 30ಕ್ಕೆ ಬ್ಯಾಟರಿ, 87ಕ್ಕೆ ಫ್ಯಾನ್, 85 ಮತ್ತು 86 ಕಾಯಿಲ್‌ಗೆ.

ಇಂಧನ ಪಂಪ್ ವಿಷಯದಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು. ಎಂಜಿನ್ ನಿಂತೊಡನೆ ಪಂಪ್ ನಿಲ್ಲಿಸುವ ಕೆಲಸವನ್ನು ಕಾರಿನ ಇಸಿಯು ಮಾಡುತ್ತದೆ. ಅದನ್ನು ಬೈಪಾಸ್ ಮಾಡಿ ಪಂಪ್‌ಗೆ ನೇರ ಸ್ವಿಚ್ ಹಾಕಿದರೆ, ಅಪಘಾತದ ನಂತರವೂ ಪಂಪ್ ಪೆಟ್ರೋಲ್ ದೂಡುತ್ತಲೇ ಇರುತ್ತದೆ.

ಫ್ಯೂಸ್ ಕಾಯುವುದು ವೈರನ್ನು

ಫ್ಯೂಸ್ ಇರುವುದು ಉಪಕರಣ ಉಳಿಸಲು ಎಂಬ ತಪ್ಪು ಕಲ್ಪನೆ ಇದೆ. ಅದರ ಮೊದಲ ಕೆಲಸ ವೈರ್ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವುದು. ಹಾಗಾಗಿ ಫ್ಯೂಸ್‌ನ ಅಳತೆ ವೈರ್ ತಾಳುವ ಕರೆಂಟ್‌ಗಿಂತ ಕಡಿಮೆ ಇರಲೇಬೇಕು. 0.5 ಚದರ ಮಿ.ಮೀ. ವೈರ್‌ಗೆ 30 ಆಂಪಿಯರ್ ಫ್ಯೂಸ್ ಹಾಕಿದರೆ ಫ್ಯೂಸ್ ಕರಗುವ ಮೊದಲೇ ವೈರ್ ಸುಡುತ್ತದೆ.

ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರ್‌ಗೆ ಯಾವ ರಕ್ಷಣೆಯೂ ಇಲ್ಲ ಎಂಬುದೇ ಕಾರಣ. ಫ್ಯಾನ್, ಪಂಪ್, ಗೇಜ್ ಎಲ್ಲಕ್ಕೂ ಬೇರೆ ಬೇರೆ ಫ್ಯೂಸ್ ಇದ್ದರೆ ಒಂದು ಹೋದರೂ ಉಳಿದವು ನಡೆಯುತ್ತವೆ.

ಗೇಜ್ ಸುಳ್ಳು ಹೇಳುವುದು ಯಾವಾಗ?

ಬಹುಪಾಲು ಸಂದರ್ಭದಲ್ಲಿ ತಪ್ಪು ಅರ್ಥಿಂಗ್‌ನದ್ದು. ಫ್ಯಾನ್, ಹೆಡ್‌ಲೈಟ್‌ಗಳ ಅರ್ಥಿಂಗ್‌ಗೇ ಗೇಜ್ ಕೂಡ ಸೇರಿಸಿದರೆ ಫ್ಯಾನ್ ಚಾಲೂ ಆದಾಗಲೆಲ್ಲ ಮುಳ್ಳು ಜಿಗಿಯುತ್ತದೆ. ಗೇಜ್‌ಗಳಿಗೆ ಪ್ರತ್ಯೇಕ ಅರ್ಥಿಂಗ್ ಕೊಟ್ಟು, ಬಾಡಿಗೆ ಬೋಲ್ಟ್ ಹಾಕುವ ಜಾಗದಲ್ಲಿ ಪೇಂಟ್ ಕೆರೆದು ತೆಗೆಯಬೇಕು. ಒಂದೇ ವೈರ್‌ನ ಸೆನ್ಸರ್‌ಗಳು ಎಂಜಿನ್ ಬ್ಲಾಕ್‌ನಿಂದಲೇ ಅರ್ಥಿಂಗ್ ಪಡೆಯುತ್ತವೆ. ಅವುಗಳ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದರೆ ಸಂಪರ್ಕ ತಪ್ಪಬಹುದು.

ಕಂಪನ, ಶಾಖದ ಕಾಟ

ಟ್ರ್ಯಾಕ್ ಕಾರಿನಲ್ಲಿ ವೈರ್ ಸದಾ ಅದುರುತ್ತಿರುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ವೈರ್ ಗಟ್ಟಿಯಾಗಿ, ಅದರ ಅಂಚಿನಲ್ಲೇ ತುಂಡಾಗುವುದುಂಟು. ಸರಿಯಾದ ಟೂಲ್‌ನಿಂದ ಕ್ರಿಂಪ್ ಮಾಡಿ ಸ್ಲೀವ್ ಹಾಕುವುದು ಉತ್ತಮ. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ವೈರ್ ದಾಟುವ ತೂತಿಗೆ ರಬ್ಬರ್ ಗ್ರಾಮೆಟ್ ಕಡ್ಡಾಯ. ಇಲ್ಲದಿದ್ದರೆ ತಗಡಿನ ಅಂಚು ವೈರ್‌ನ ಕವಚ ಕತ್ತರಿಸುತ್ತದೆ. ಎಕ್ಸಾಸ್ಟ್ ಬಳಿ ಸಾಮಾನ್ಯ ಪಿವಿಸಿ ವೈರ್ ಹಾಯಿಸಬಾರದು. ರೇಸ್ ಕಾರುಗಳಲ್ಲಿ ಬಳಸುವ ಇಟಿಎಫ್‌ಇ ಕವಚದ ವೈರ್ 150 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳುತ್ತದೆ.

ಪ್ರತಿ ವೈರ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ, ನಕ್ಷೆಯೊಂದನ್ನು ಕಾರಿನಲ್ಲೇ ಇಡಬೇಕು. ಟ್ರ್ಯಾಕ್‌ನಲ್ಲಿ ಕಾರು ಕೆಟ್ಟು ನಿಂತಾಗ ದೋಷ ಹುಡುಕುವ ಸಮಯ ಉಳಿಸುವುದು ಇದೇ.

ಕೈಗೆ ಸಿಗಬೇಕು, ಕಣ್ಣಿಗೆ ಬೀಳಬೇಕು

ಬೆಲ್ಟ್ ಬಿಗಿದು, ಗ್ಲೌಸ್ ಹಾಕಿ ಕುಳಿತು ಪ್ರತಿ ಸ್ವಿಚ್ ಮುಟ್ಟಿ ನೋಡಿದ ನಂತರವೇ ಜಾಗ ನಿರ್ಧರಿಸಬೇಕು. ಇಗ್ನಿಷನ್‌ನಂಥ ಸ್ವಿಚ್‌ಗೆ ಮುಚ್ಚಳ ಇದ್ದರೆ ಕೈ ತಾಗಿ ಆಫ್ ಆಗುವುದಿಲ್ಲ. ಎಲ್ಲವೂ ಸರಿ ಇದ್ದಾಗ ಮುಳ್ಳುಗಳೆಲ್ಲ ನೇರ ಮೇಲಕ್ಕೆ ನಿಲ್ಲುವಂತೆ ಗೇಜ್‌ಗಳನ್ನು ತಿರುಗಿಸಿ ಕೂರಿಸುವುದು ರೇಸಿಂಗ್‌ನ ಹಳೆಯ ರೂಢಿ. ಅಂಕಿ ಓದದೆಯೇ ವ್ಯತ್ಯಾಸ ಗೊತ್ತಾಗುತ್ತದೆ. ಆಯಿಲ್ ಒತ್ತಡಕ್ಕಂತೂ ದೊಡ್ಡ ಕೆಂಪು ಲೈಟ್ ಇರಲೇಬೇಕು. ತಿರುವಿನ ನಡುವೆ ಯಾರೂ ಗೇಜ್ ನೋಡುವುದಿಲ್ಲ.

ಕಿಲ್ ಸ್ವಿಚ್ ಏಕೆ?

ಕಾರು ಮಗುಚಿದರೆ ರಕ್ಷಣಾ ಸಿಬ್ಬಂದಿ ಮೊದಲು ಹುಡುಕುವುದು ಇದನ್ನೇ. ಒಳಗಿನಿಂದಲೂ ಹೊರಗಿನಿಂದಲೂ ಇಡೀ ಕಾರಿನ ಕರೆಂಟ್ ಕಡಿದು ಎಂಜಿನ್ ನಿಲ್ಲಿಸುವಂತಿರಬೇಕು. ಹೊರಗಿನ ಸ್ವಿಚ್ ಬಳಿ ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು ಇರಬೇಕು, ತ್ರಿಕೋನದ ತಳ ಕನಿಷ್ಠ 12 ಸೆಂ.ಮೀ. ಇರಬೇಕು ಎನ್ನುತ್ತದೆ ಎಫ್‌ಐಎ ನಿಯಮ. ಬ್ಯಾಟರಿ ಮಾತ್ರ ಕಡಿಯುವ ಅಗ್ಗದ ಸ್ವಿಚ್ ಹಾಕಿದರೆ ಆಲ್ಟರ್ನೇಟರ್ ಕೊಡುವ ಕರೆಂಟ್‌ನಲ್ಲೇ ಎಂಜಿನ್ ಓಡುತ್ತಿರಬಹುದು. ಇಗ್ನಿಷನ್ ಅನ್ನೂ ಕಡಿದು, ಆಲ್ಟರ್ನೇಟರ್‌ನ ಕರೆಂಟನ್ನು ರೆಸಿಸ್ಟರ್ ಮೂಲಕ ಇಳಿಸುವ 6 ಟರ್ಮಿನಲ್‌ನ ಸ್ವಿಚ್ ಬೇಕು.

ರಸ್ತೆಗಿಳಿಯುವ ಮುನ್ನ

ಅದೇ ಕಾರು ರಸ್ತೆಯಲ್ಲೂ ಓಡುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಮನದಲ್ಲಿರಲಿ. ಆರ್‌ಸಿಯಲ್ಲಿನ ವಿವರ ಮೂಲ ತಯಾರಿಕೆಗಿಂತ ಭಿನ್ನವಾಗುವಂಥ ಬದಲಾವಣೆಗೆ ಅದು ಅವಕಾಶ ಕೊಡುವುದಿಲ್ಲ. ರೇಸಿಂಗ್ ವೇಳೆಯ ನಷ್ಟಕ್ಕೆ ಸಾಮಾನ್ಯ ಕಾರು ವಿಮೆಯಲ್ಲಿ ಪರಿಹಾರವೂ ಇರುವುದಿಲ್ಲ. ಇನ್ನು ಹಳದಿ ಕನೆಕ್ಟರ್ ಇರುವ ಏರ್‌ಬ್ಯಾಗ್ ವೈರ್‌ಗಳಿಗೆ ಮನೆಯಲ್ಲಿ ಕೈ ಹಾಕಲೇಬಾರದು. ಯಾವುದೇ ಕೆಲಸಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿಡಿ.