ಮೊಳಕಾಲಿನ ಮೃದ್ವಸ್ಥಿ

ಕೀಲಿನೊಳಗೆ ಎಲುಬಿನ ತುದಿಗಳನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿಯು ಒಮ್ಮೆ ನಾಶವಾದರೆ ಮರಳಿ ಬಾರದೆಂದು ವಿಲಿಯಂ ಹಂಟರನು 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆಗ ಅವನಿಗೆ 25 ವರ್ಷ. ಮುರಿದ ಎಲುಬು ಕೂಡುವುದು, ಕೊಯ್ದ ಚರ್ಮವು ಮಾಯುವುದು. ಮೃದ್ವಸ್ಥಿಯಲ್ಲಾದರೋ ರಕ್ತನಾಳಗಳೇ ಇಲ್ಲವಾದುದರಿಂದ ಗಾಯವನ್ನು ತುಂಬತಕ್ಕ ಸಾಮಗ್ರಿಯು ಅಲ್ಲಿಗೆ ತಲಪದು. ಹಂಟರನ ಮಾತು ಇನ್ನೂರು ವರ್ಷಗಳಿಗೂ ಮೀರಿ ನಿಂತಿತು.

1987ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಲಾರ್ಸ್ ಪೀಟರ್ಸನ್ ಮೊದಲಾದ ಶಸ್ತ್ರವೈದ್ಯರು ರೋಗಿಯ ಮೊಳಕಾಲಿನಿಂದಲೇ ಮೃದ್ವಸ್ಥಿಯ ಚೂರೊಂದನ್ನು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ವೃದ್ಧಿಪಡಿಸಿ, ಗಾಯದ ಕುಳಿಯ ಮೇಲೆ ಎಲುಬಿನ ಹೊರಪೊರೆಯನ್ನು ಹೊಲಿದು, ಅದರಡಿಯಲ್ಲಿ ಆ ಕೋಶಗಳನ್ನು ತುಂಬಿದರು. ಸಸಿಮಡಿಯಲ್ಲಿ ಬೆಳೆಸಿ ಗದ್ದೆಯಲ್ಲಿ ನೆಡುವ ಒಕ್ಕಲಿನ ಕ್ರಮವೇ ಇದು ಎನ್ನಬಹುದು. 1994ರಲ್ಲಿ 23 ರೋಗಿಗಳ ವೃತ್ತಾಂತವು ಪ್ರಕಟವಾಯಿತು. ತೊಡೆಯೆಲುಬಿನ ತುದಿಯಲ್ಲಿ ಗಾಯವಿದ್ದ 16 ಮಂದಿಯಲ್ಲಿ 14 ಮಂದಿಗೆ ಚೆನ್ನಾಗಿ ಗುಣವಾಗಿತ್ತು. ಮೊಳಕಾಲ ಚಿಪ್ಪಿನಲ್ಲಿ ಗಾಯವಿದ್ದ 7 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಸೋಲನ್ನು ಮುಚ್ಚಿಡದೆ ಬರೆದುದು ಆ ವೈದ್ಯರಿಗೆ ಭೂಷಣವೇ ಸರಿ.

ಕೋಶಗಳನ್ನು ಹಂದಿಯ ಅಂಗಾಂಶದಿಂದ ಮಾಡಿದ ತೆಳುಪೊರೆಯ ಮೇಲೆ ಬೆಳೆಸಿ, ಆ ಪೊರೆಯನ್ನೇ ಗಾಯದ ಅಳತೆಗೆ ಕತ್ತರಿಸಿ ಅಂಟಿಸುವ ಕ್ರಮಕ್ಕೆ 2016ರಲ್ಲಿ ಅಮೆರಿಕದ ಸರಕಾರವು ಸಮ್ಮತಿಯಿತ್ತಿತು. ಮುಪ್ಪಿನಿಂದ ಕೀಲೆಲ್ಲವೂ ಸವೆದುಹೋದವರಿಗೆ ಮಾತ್ರ ಈ ಚಿಕಿತ್ಸೆಯು ಒದಗದು.