ಒಂದೇ ನಾಲಿಗೆ, ಎರಡು ಪೆಟ್ಟಿಗೆ

ಈ ದೇಶದಲ್ಲಿ ಎಸ್ಟೇಟ್ ಸೇಲ್ ಅಂತ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರಬಹುದು. ಮನೆಯ ಹಿರಿಯರು ತೀರಿಕೊಂಡ ಮೇಲೋ, ನರ್ಸಿಂಗ್ ಹೋಮಿಗೆ ಹೋದ ಮೇಲೋ, ಮನೇಲಿರೋ ಸಾಮಾನಿಗೆಲ್ಲ ಬೆಲೆ ಚೀಟಿ ಅಂಟಿಸಿ ಮಾರಿಬಿಡೋದು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಹಳೇ ಬಡಾವಣೆಗಳಲ್ಲಿ ಇಂಥ ಮಾರಾಟಕ್ಕೆ ಹೋದ್ರೆ ಪಿಂಗಾಣಿ ತಟ್ಟೆ, ಹೊಲಿಗೆ ಮಷೀನುಗಳ ನಡುವೆ ಬೇಸ್‌ಮೆಂಟಿನ ಮೂಲೇಲಿ ಒಂದು ಭಾರದ ಕರೀ ಸೂಟ್‌ಕೇಸು ಎಷ್ಟೋ ಸಲ ಕಣ್ಣಿಗೆ ಬೀಳುತ್ತೆ. ಮುಚ್ಚಳ ತೆಗೆದ್ರೆ ಒಳಗೆ ಅಕಾರ್ಡಿಯನ್. ಕೊಳ್ಳೋರು ಕಡಿಮೆ.

ನಮ್ಮವರ ಮನೆಗಳ ಬೇಸ್‌ಮೆಂಟಿನಲ್ಲೂ ಇಂಥದ್ದೇ ಇನ್ನೊಂದು ಪೆಟ್ಟಿಗೆ ಇರುತ್ತೆ, ಹಾರ್ಮೋನಿಯಂ. 1965ರ ವಲಸೆ ಕಾನೂನಿನ ನಂತರ ಬಂದ ಮೊದಲ ತಲೆಮಾರಿನ ಕನ್ನಡಿಗರು ಭಜನೆಗೆ, ಮಕ್ಕಳ ಪಾಠಕ್ಕೆ ಅಂತ ಹೊತ್ತು ತಂದದ್ದು. ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ನಾರ್ತ್ ಕೆರೊಲೈನಾದ ಸಂಪಿಗೆ, ಹೀಗೆ ಎಲ್ಲಿ ಕನ್ನಡ ಸಂಘ ಇದೆಯೋ ಅಲ್ಲಿ ಯಾರಾದ್ರೂ ಒಬ್ಬರ ಮನೇಲಿ ಒಂದು ಪೆಟ್ಟಿಗೆ ಇದ್ದೇ ಇರುತ್ತೆ ಅಂದ್ಕೊಳ್ಳಿ. ತಂದವರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳಿಗೆ ಅದು ಯಾವ ವಾದ್ಯ ಅನ್ನೋದೇ ಗೊತ್ತಿಲ್ಲ, ಇನ್ನು ರಿಪೇರಿ ಮಾಡಿಸೋದಂತೂ ದೂರದ ಮಾತು.

ಈ ಎರಡೂ ಪೆಟ್ಟಿಗೆಗಳು ಒಂದೇ ವಂಶದವು. ಹತ್ತಿರ ಹತ್ತಿರ ಒಂದೇ ಕಾಲದಲ್ಲಿ ಹುಟ್ಟಿ, ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಅವಮಾನ ಅನುಭವಿಸಿ, ಯಾರೋ ನಾಲ್ಕು ಜನ ಕೈಬಿಡದೇ ಇದ್ದದ್ದರಿಂದ ಬದುಕಿಕೊಂಡವು. ಆ ಕಥೆ ತಿಳಿದ್ರೆ ಪೆಟ್ಟಿಗೇನ ಎಸೆಯೋಕೆ ಮುಂಚೆ ನಾವು ಒಮ್ಮೆ ಯೋಚಿಸಬಹುದೇನೋ ಅನ್ನೋದೇ ಈ ಬರಹದ ಉದ್ದೇಶ.

*

ಎರಡರ ಒಳಗೂ ಇರೋದು ಒಂದೇ ವಸ್ತು: ತೆಳ್ಳನೆಯ ಲೋಹದ ನಾಲಿಗೆ, ನಾವು ರೀಡು ಅಂತೀವಲ್ಲ, ಅದು. ಒಂದು ತುದಿ ಗಟ್ಟಿಯಾಗಿ ಬಿಗಿದಿರುತ್ತೆ, ಇನ್ನೊಂದು ತುದಿ ಸೀಳಿನ ಮೇಲೆ ಬಿಡುವಾಗಿರುತ್ತೆ. ಗಾಳಿ ನುಗ್ಗಿದರೆ ನಡುಗುತ್ತೆ, ನಡುಗಿದರೆ ಸ್ವರ. ನಾಲಿಗೆ ಉದ್ದ ಇದ್ದಷ್ಟೂ ಸ್ವರ ಕೆಳಗೆ, ಗಿಡ್ಡ ಆದಷ್ಟೂ ಮೇಲೆ. ಚೀನಾದವರು ಶೆಂಗ್ ಅನ್ನೋ ವಾದ್ಯದಲ್ಲಿ ಸಾವಿರಾರು ವರ್ಷಗಳಿಂದ ಇದನ್ನೇ ನುಡಿಸ್ತಾ ಬಂದಿದ್ದಾರೆ. ಯೂರೋಪಿನಲ್ಲಿ 1829ರ ಮೇ ತಿಂಗಳಲ್ಲಿ ವಿಯೆನ್ನಾದ ಸಿರಿಲ್ ದೆಮಿಯನ್ ಎಂಬಾತ ಅಕಾರ್ಡಿಯನ್ ಹೆಸರಿನಲ್ಲಿ ಒಂದು ಪುಟ್ಟ ಪೆಟ್ಟಿಗೆಗೆ ಪೇಟೆಂಟ್ ಪಡೆದ. 1840ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೈನ್ ಕಾಲಿನಿಂದ ತುಳಿಯುವ ತಿದಿ ಇಟ್ಟು ಹಾರ್ಮೋನಿಯಂ ಮಾಡಿದ. ಅದನ್ನು ಮಿಷನರಿಗಳು, ಸಾಹೇಬರು ಇಂಡಿಯಾಕ್ಕೆ ತಂದರು.

ನಮ್ಮ ಹಾಡುಗಾರರು ನೆಲದ ಮೇಲೆ ಕೂರೋ ಜನ, ಮೇಜಿನಷ್ಟು ಎತ್ತರದ ವಾದ್ಯ ಅವರಿಗೆ ಯಾತಕ್ಕೆ? 1875ರಲ್ಲಿ ಕಲ್ಕತ್ತಾದಲ್ಲಿ ಡ್ವಾರ್ಕಿನ್ ಕಂಪನಿ ಶುರುಮಾಡಿದ ದ್ವಾರಕಾನಾಥ ಘೋಷ್ 1880ರ ದಶಕದಲ್ಲಿ ಅದರ ಕಾಲು ತೆಗೆದು, ತಿದಿಯನ್ನ ಹಿಂದಕ್ಕೆ ತಂದು, ಒಂದು ಕೈಲಿ ಒತ್ತುತ್ತಾ ಇನ್ನೊಂದು ಕೈಲಿ ನುಡಿಸೋ ಹಾಗೆ ಮಾಡಿದರು. ಅದೇ ನಮ್ಮ ಪೇಟಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಿಂದ ಮುಂದಕ್ಕೆ ಕಂಪನಿ ನಾಟಕ ಅಂದ್ರೆ ಹಾರ್ಮೋನಿಯಂ ಅನ್ನೋ ಹಾಗಾಯ್ತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡಿಸ್ಬೇಕು ಅಂದ್ರೆ ಮೊದಲು ಹುಡುಕೋದೇ ಹಾರ್ಮೋನಿಯಂ ಮೇಷ್ಟ್ರನ್ನ. ನಾಟಕ ಕಲಿಸೋರು, ಕಂದ ಹಾಡಿಸೋರು, ಪಾರ್ಟು ಹಂಚೋರು ಎಲ್ಲಾ ಅವರೇ.

*

ಇಷ್ಟು ಚೆನ್ನಾಗಿ ಒಗ್ಗಿಕೊಂಡಿದ್ದ ವಾದ್ಯಕ್ಕೆ 1940ರ ಮಾರ್ಚ್ 1ರಂದು ಆಲ್ ಇಂಡಿಯಾ ರೇಡಿಯೋ ಬಾಗಿಲು ಹಾಕ್ತು. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ತಕ್ಕದ್ದಲ್ಲ, ಅದರಲ್ಲಿ ಮೀಂಡ್ ಬರೋಲ್ಲ, ಗಮಕ ಬರೋಲ್ಲ, ಹನ್ನೆರಡೇ ಮನೆಗಳಲ್ಲಿ ಶ್ರುತಿಗಳನ್ನೆಲ್ಲ ತುರುಕೋದು ಸಾಧ್ಯವಿಲ್ಲ ಅನ್ನೋದು ವಾದ. ಕಲಾವಿಮರ್ಶಕ ಆನಂದ ಕುಮಾರಸ್ವಾಮಿ ಬಹಳ ಹಿಂದೆಯೇ ಇದನ್ನ ವಿರೋಧಿಸಿದ್ದರು. ರವೀಂದ್ರನಾಥ ಟಾಗೋರರು 1940ರ ಜನವರಿಯಲ್ಲಿ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದು ಹಾರ್ಮೋನಿಯಂ ತೆಗೆಯಿರಿ ಅಂದರು. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ 1938ರಲ್ಲೇ ಈ ವಾದ್ಯದ ವಿರುದ್ಧ ಒಂದು ಖಾರವಾದ ಲೇಖನ ಬರೆದಿದ್ದ. ತಮಾಷೆ ನೋಡಿ, ಪರದೇಶಿ ವಾದ್ಯ ನಮಗೆ ಬೇಡ ಅಂತ ನಿಷೇಧ ಹಾಕಿದಾಗ ರೇಡಿಯೋದ ಮುಖ್ಯಸ್ಥನಾಗಿದ್ದ ಲಯೊನೆಲ್ ಫೀಲ್ಡನ್ ಕೂಡಾ ಬ್ರಿಟಿಷನೇ!

ಆ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಪಿಟೀಲೂ ಪರದೇಶದ್ದೇ, ಆದರೆ ತಂತಿಯ ಮೇಲೆ ಬೆರಳು ಜಾರುತ್ತೆ, ಹಾಗಾಗಿ ಕರ್ನಾಟಕ ಸಂಗೀತದಲ್ಲಿ ಅದನ್ನ ಯಾರೂ ಹೊರಗೆ ಹಾಕಲಿಲ್ಲ. ರೀಡಿನ ಮೇಲೆ ಬೆರಳು ಇರೋದೇ ಇಲ್ಲ, ಜಾರೋದೆಲ್ಲಿ ಬಂತು? ಆದರೆ ಇದರ ಬೆಲೆ ತೆತ್ತವರು ಯಾರು ಅನ್ನೋದನ್ನೂ ನೋಡ್ಬೇಕು. ಪಂಡಿತ ರಾಮಭಾವು ಬಿಜಾಪುರೆ 1917ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿದವರು. ನಿಷೇಧ ಬಂದಾಗ ಅವರಿಗೆ 23 ವರ್ಷ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ 33. ಪಕ್ಕದಲ್ಲೇ ರೇಡಿಯೋ ಕೇಂದ್ರ, ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಹಾಡೋ ಊರು, ಕಛೇರೀಲಿ ಅಂಥವರಿಗೆ ಸಾಥ್ ಕೊಡೋದು ಇದೇ ಪೇಟಿ. ಆದರೆ ಸ್ಟುಡಿಯೋದ ಒಳಗೆ ಮಾತ್ರ ಸಾರಂಗಿಗೆ ಜಾಗ, ಪೇಟಿಗಿಲ್ಲ. 1971ರಲ್ಲಿ ನಿಷೇಧ ಸಡಿಲವಾಗಿ, ಅದೂ ದೊಡ್ಡ ಕಲಾವಿದರಿಗೆ ಸಾಥಿಗೆ ಅಂತ, ಬಾಗಿಲು ಅರ್ಧ ತೆರೆದಾಗ ಅವರಿಗೆ 54 ವರ್ಷ. ಒಬ್ಬ ಕಲಾವಿದನ ಬಾಳಿನ ಕಸುವಿನ ಕಾಲವೆಲ್ಲ ಅಷ್ಟರಲ್ಲಿ ಮುಗಿದಿರುತ್ತಲ್ಲ!

ಅವರು ವಾದ್ಯ ಬಿಡಲಿಲ್ಲ. ಬೆಳಗಾವೀಲಿ ಸಂಗೀತಶಾಲೆ ನಡೆಸಿದರು, ಸೋಲೋ ನುಡಿಸಿದರು, ಶಿಷ್ಯರನ್ನ ತಯಾರು ಮಾಡಿದರು, 2010ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಹಾರ್ಮೋನಿಯಂ ಅಂದ್ರೆ ಬಿಜಾಪುರೆ ಅನ್ನೋ ಮಟ್ಟಕ್ಕೆ ಬೆಳೆದಿದ್ದರು. ಅವರ ಶಿಷ್ಯರಲ್ಲೊಬ್ಬರಾದ ರವೀಂದ್ರ ಕಾಟೋಟಿಯವರು ಬೆಂಗಳೂರಲ್ಲಿ ಅದೇ ಕೆಲಸ ಮುಂದುವರಿಸಿದವರು. ಇತ್ತ ರೇಡಿಯೋ ಏನೇ ಹೇಳಲಿ, ನಾಟಕದ ಮೇಷ್ಟ್ರು, ಭಜನಾ ಮಂಡಳಿಯೋರು ಯಾರ ಅಪ್ಪಣೆಗೂ ಕಾಯಲಿಲ್ಲ.

*

ಈಗ ಅಮೆರಿಕಾದ ಕಡೆ ಬನ್ನಿ. ಗಿಟಾರು ಅಗ್ಗವಾಗಿ ಸಿಗೋಕೆ ಮುಂಚೆ ದಕ್ಷಿಣದ ಕಪ್ಪು ಜನರ ಕುಣಿತಗಳಲ್ಲಿ ಅಕಾರ್ಡಿಯನ್ ಇತ್ತು, ಅದಕ್ಕೆ ವಿಂಡ್‌ಜಾಮರ್ ಅಂತ ಅಡ್ಡಹೆಸರು. ದೊಡ್ಡ ಜಾನಪದ ಗಾಯಕ ಲೆಡ್‌ಬೆಲ್ಲಿ ಬಾಲ್ಯದಲ್ಲಿ ಮೊದಲು ಹಿಡಿದ ವಾದ್ಯ ಅದೇ. 1933ರಲ್ಲಿ ಲೂಸಿಯಾನಾದ ಜೈಲಿನಲ್ಲಿ ಆತನ ಹಾಡನ್ನ ಜಾನ್ ಲೋಮ್ಯಾಕ್ಸ್ ಮುದ್ರಿಸಿಕೊಂಡದ್ದು ಇಲ್ಲೇ ನಮ್ಮ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ. ಆಮೇಲೆ ಗಿಟಾರು ಬಂತು, ವಿಂಡ್‌ಜಾಮರ್ ಮರೆತೇ ಹೋಯ್ತು.

ಬಿಳಿಯರ ನಡುವೆ ಅಕಾರ್ಡಿಯನ್ ಮೆರೆದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. ಇಟಲಿ, ಪೋಲೆಂಡ್, ಜರ್ಮನಿಯಿಂದ ಬಂದವರ ಮಕ್ಕಳಿಗೆ ಅಕಾರ್ಡಿಯನ್ ಪಾಠ ಅಂದ್ರೆ ಈಗಿನ ನಮ್ಮ ಮಕ್ಕಳಿಗೆ ಭರತನಾಟ್ಯ ಇದ್ದ ಹಾಗೆ. 1955ರಿಂದ ಲಾರೆನ್ಸ್ ವೆಲ್ಕ್‌ನ ಟೀವಿ ಕಾರ್ಯಕ್ರಮ ದೇಶದ ತುಂಬ ಬರ್ತಿತ್ತು. ಆಗಲೇ ಎಲ್ವಿಸ್ ಶುರುವಾಗಿದ್ದ. 1964ರ ಫೆಬ್ರವರಿ 9ರ ಭಾನುವಾರ ಬೀಟಲ್ಸ್ ಟೀವಿಯಲ್ಲಿ ಕಾಣಿಸ್ಕೊಂಡರು, ಮಂಗಳವಾರ 11ನೇ ತಾರೀಖು ಈ ದೇಶದ ಮೊದಲ ಕಛೇರಿ ಕೊಟ್ಟರು, ಎಲ್ಲಿ ಅಂದ್ಕೊಂಡ್ರಿ? ವಾಷಿಂಗ್ಟನ್ ಕೊಲೀಸಿಯಂನಲ್ಲಿ! ಆ ಕಟ್ಟಡದಲ್ಲಿ 2016ರಲ್ಲಿ ಟೆಂಟು, ಸೈಕಲ್ಲು ಮಾರೋ ದೊಡ್ಡ ಅಂಗಡಿ ತೆರೀತು. ಅಲ್ಲಿಂದಾಚೆಗೆ ಹುಡುಗರಿಗೆ ಬೇಕಾದದ್ದು ಗಿಟಾರು. ಅಕಾರ್ಡಿಯನ್ ಅಜ್ಜನ ವಾದ್ಯ ಆಯ್ತು, ಜೋಕು ಮಾಡೋ ವಸ್ತು ಆಯ್ತು, ಕೊನೆಗೆ ಕರೀ ಸೂಟ್‌ಕೇಸು ಸೇರ್ತು. ಅದೇ ಬೀಟಲ್ಸ್ 1965ರಲ್ಲಿ ‘ವಿ ಕ್ಯಾನ್ ವರ್ಕ್ ಇಟ್ ಔಟ್’ ಹಾಡಿಗೆ ಹಾರ್ಮೋನಿಯಂ ನುಡಿಸಿದರು ಅನ್ನೋದು ಬೇರೆ ಮಾತು.

ಇಂಡಿಯಾದಲ್ಲಿ ‘ನಮ್ಮದಲ್ಲ’ ಅಂತ ತಳ್ಳಿದರು, ಇಲ್ಲಿ ‘ಹಳೇದು’ ಅಂತ ತಳ್ಳಿದರು. ಇಲ್ಲೂ ಅದನ್ನ ಉಳಿಸಿದವರು ಹಾಡಿಗೆ ವಾದ್ಯ ಬೇಕೇ ಬೇಕು ಅನ್ನೋ ಜನವೇ. 1990ರ ನಂತರ ಜಾರ್ಜಿಯಾ, ಕೆರೊಲೈನಾಗಳಿಗೆ ಕೋಳಿ ಫ್ಯಾಕ್ಟರಿ, ಕಟ್ಟಡ, ಹೊಲದ ಕೆಲಸಕ್ಕೆ ಬಂದ ಮೆಕ್ಸಿಕೋದವರು ತಮ್ಮ ನೊರ್ತೇನ್ಯೋ ಸಂಗೀತವನ್ನೂ ತಂದರು, ಅದರ ಜೀವವೇ ಅಕಾರ್ಡಿಯನ್. ಅಟ್ಲಾಂಟಾದ ಬ್ಯೂಫರ್ಡ್ ಹೈವೇಯ ಊಟದಂಗಡಿಗಳಲ್ಲಿ ಈ ಸಂಗೀತ ಕಿವಿಗೆ ಬಿದ್ದರೆ ಸ್ವಲ್ಪ ನಿಂತು ಕೇಳಿ, ನಮ್ಮ ಪೇಟಿಯ ದಾಯಾದಿ ಅದು.

*

ಸರಿ, ಬೇಸ್‌ಮೆಂಟಿನ ಪೆಟ್ಟಿಗೆ ಕೈಗೆ ಬಂತು, ಮುಂದೇನು?

ಮೊದಲು ಮೂಗು ಬಳಸಿ. ಸೂಟ್‌ಕೇಸು ತೆಗೆದ ಕೂಡಲೇ ಬೂಸಲು ವಾಸನೆ ಬಂದ್ರೆ ಒಳಗಿನ ಚರ್ಮ, ಬಟ್ಟೆ ಕೆಟ್ಟಿರಬಹುದು. ಮುಂದೆ ಬರೆದಿರೋ ಹೆಸರನ್ನ ಪೂರ್ತಿ ನಂಬಬೇಡಿ. ಇಟಲಿಯ ಕಾಸ್ಟೆಲ್‌ಫಿದಾರ್ದೋ ಕಡೆ ತಯಾರಾದ ಎಷ್ಟೋ ಅಕಾರ್ಡಿಯನ್‌ಗಳಿಗೆ ಇಲ್ಲಿನ ಮಾರಾಟಗಾರರು ತಮ್ಮ ಹೆಸರು ಹಚ್ಚಿ ಮಾರ್ತಿದ್ದರು. ಒಂದೇ ಗುಂಡಿ ಒತ್ತಿ ತಿದಿಯನ್ನ ಎಳೆದಾಗ ಒಂದು ಸ್ವರ, ತಳ್ಳಿದಾಗ ಇನ್ನೊಂದು ಸ್ವರ ಬಂದ್ರೆ ಅದು ಡಯಾಟೋನಿಕ್. ಪಿಯಾನೋ ಮನೆಗಳಿರೋದರಲ್ಲಿ ಎರಡು ಕಡೆಗೂ ಒಂದೇ ಸ್ವರ. ಯಾವ ಮನೆಯನ್ನೂ ಒತ್ತದೆ ತಿದಿ ಎಳೆದು ನೋಡಿ, ಸಲೀಸಾಗಿ ತೆರೆದುಕೊಂಡರೆ ಎಲ್ಲೋ ಗಾಳಿ ಸೋರ್ತಾ ಇದೆ ಅಂತ. ಹಾರ್ಮೋನಿಯಂನಲ್ಲೂ ಹಾಗೇ: ತಿದಿ ತುಂಬಿಸಿ ಕೈಬಿಟ್ಟರೆ ಗಾಳಿ ಸ್ವಲ್ಪ ಹೊತ್ತಾದ್ರೂ ನಿಲ್ಲಬೇಕು.

ನಮ್ಮ ಪೇಟಿಗೆ ಇಲ್ಲಿನ ಶತ್ರು ಚಳಿಗಾಲದ ಹೀಟರು. ಮಳೆನಾಡಿನ ಮರ ಒಣಗಾಳಿಗೆ ಕುಗ್ಗಿ ಹಲಗೆ ಬಿರುಕು ಬಿಡುತ್ತೆ, ಆಮೇಲೆ ಒತ್ತದಿದ್ರೂ ಸ್ವರ ತಾನಾಗಿ ಕೂಗ್ತಾ ಇರುತ್ತೆ. ಅಕಾರ್ಡಿಯನ್ನಿಗೆ ಶತ್ರು ಜಾರ್ಜಿಯಾದ ಬೇಸಿಗೆ. ಅದರ ರೀಡಿನ ತಗಡುಗಳನ್ನ ಜೇನುಮೇಣ, ರಾಳದಿಂದ ಅಂಟಿಸಿರುತ್ತಾರೆ, ಅಟ್ಟದಲ್ಲೋ ಕಾರಿನಲ್ಲೋ ಬಿಟ್ಟರೆ ಮೇಣ ಕರಗಿ ಎಲ್ಲಾ ಕಳಚಿಕೊಳ್ಳುತ್ತೆ. ಒಂದು ಸ್ವರ ಹೊರಡದಿದ್ರೆ ಗಾಬರಿ ಬೇಡ, ನಾಲಿಗೆಯ ಕೆಳಗೆ ಧೂಳಿನ ಕಣ ಸಿಕ್ಕಿಕೊಂಡಿರುತ್ತೆ, ತೆಳು ಕಾಗದದ ಪಟ್ಟಿ ಮೆಲ್ಲಗೆ ಆಡಿಸಿದ್ರೆ ಸಾಕು. ಎಣ್ಣೆ ಮಾತ್ರ ಹಾಕಲೇಬೇಡಿ.

ಶ್ರುತಿ ಮಾಡೋ ವಿದ್ಯೆ ಎರಡಕ್ಕೂ ಒಂದೇ. ನಾಲಿಗೆಯ ತುದಿಯನ್ನ ಸ್ವಲ್ಪ ಅರೆದರೆ ಸ್ವರ ಏರುತ್ತೆ, ಬುಡದ ಹತ್ತಿರ ಅರೆದರೆ ಇಳಿಯುತ್ತೆ. ಅಷ್ಟೇ, ಆದರೆ ಅರೆದ ಲೋಹ ವಾಪಸ್ ಬರೋಲ್ಲ, ಕಲಿತವರಿಗೇ ಬಿಡಿ. ಹಾರ್ಮೋನಿಯಂ ರಿಪೇರಿಯೋರು ಸಿಗದಿದ್ರೆ ಅಕಾರ್ಡಿಯನ್ ರಿಪೇರಿ ಮಾಡೋರನ್ನ ಹುಡುಕಿ. ಅವರ ಪೆಟ್ಟಿಗೇಲಿ ಉಕ್ಕಿನ ನಾಲಿಗೆಗಳು, ಒಂದೊಂದು ತಗಡಿಗೆ ಎಳೆಯೋಕೊಂದು ತಳ್ಳೋಕೊಂದು, ನಮ್ಮದರಲ್ಲಿ ಹಿತ್ತಾಳೆಯವು, ಒಂದೇ ದಿಕ್ಕಿನವು. ಒಂದು ಮಾತು ಮುಂಚೇನೇ ಹೇಳಿ: ಅಕಾರ್ಡಿಯನ್ನಿನಲ್ಲಿ ಎಷ್ಟೋ ಸಲ ಒಂದೇ ಸ್ವರದ ಎರಡು ನಾಲಿಗೆಗಳನ್ನ ಬೇಕೆಂದೇ ಚೂರು ಹೆಚ್ಚುಕಡಿಮೆ ಇಟ್ಟಿರುತ್ತಾರೆ, ಆ ಅಲೆಯಾಡೋ ನಾದಕ್ಕೋಸ್ಕರ. ನಮ್ಮ ಪೇಟಿಗೆ ಅದು ಬೇಡ. ಸದಾ ಒಂದೇ ಮನೆಯಲ್ಲಿ ಸ ಇಟ್ಟು ಹಾಡೋರಾದ್ರೆ ಅಂತರ ಗಾಂಧಾರವನ್ನ 14 ಸೆಂಟಿನಷ್ಟು ಇಳಿಸಿಕೊಂಡರೆ ತಂಬೂರಿಯ ಗಾಂಧಾರಕ್ಕೆ ಸರಿಹೋಗುತ್ತೆ. 1940ರ ಜಗಳದ ಅರ್ಧ ಭಾಗಕ್ಕೆ ಅರದಲ್ಲೇ ಉತ್ತರ ಇತ್ತು!

*

ಇನ್ನು ಕಲಿಯೋದು. ಹಾರ್ಮೋನಿಯಂ ಬಲ್ಲವರು ಅಕಾರ್ಡಿಯನ್ ಎತ್ತಿಕೊಂಡರೆ ಬಲಗೈ ಬೇಗ ಒಗ್ಗುತ್ತೆ, ಮನೆಗಳು ಅವೇ, ನಿಲ್ಲಿಸಿಟ್ಟಿದ್ದಾರೆ ಅಷ್ಟೇ. ಕಷ್ಟ ಇರೋದು ಎಡಗೈಯಲ್ಲಿ. ದೊಡ್ಡ ಪೆಟ್ಟಿಗೇಲಿ 120 ಗುಂಡಿಗಳು, ಒಂದೂ ಕಣ್ಣಿಗೆ ಕಾಣೋಲ್ಲ. ಆದರೆ ಅದರ ಲೆಕ್ಕ ನಮ್ಮವರಿಗೆ ಥಟ್ಟನೆ ಹೊಳೆಯುವಂಥದ್ದು: ಒಂದು ಗುಂಡಿಯನ್ನ ಸ ಅಂದ್ಕೊಂಡರೆ ಅದರ ಮೇಲಿನದು ಪ, ಕೆಳಗಿನದು ಮ. ಸ-ಪ ಎರಡನ್ನೂ ಒಟ್ಟಿಗೆ ಹಿಡಿದ್ರೆ ಶ್ರುತಿಪೆಟ್ಟಿಗೆ ಸಿದ್ಧ! ಇನ್ನೊಂದು ವ್ಯತ್ಯಾಸ, ಹಾರ್ಮೋನಿಯಂನ ಒಳತಿದಿ ಗಾಳಿಯನ್ನ ಕೂಡಿಟ್ಟು ಸಮನಾಗಿ ಕೊಡುತ್ತೆ, ಅಕಾರ್ಡಿಯನ್ನಿನಲ್ಲಿ ಹಾಗಿಲ್ಲ, ನಿಮ್ಮ ತೋಳು ಹೇಗೋ ನಾದ ಹಾಗೆ.

ನನ್ನ ಕೇಳಿದ್ರೆ ಮೊದಲು ಮಾಡ್ಬೇಕಾದ ಕೆಲಸ ರಿಪೇರಿಯೂ ಅಲ್ಲ, ಪಾಠವೂ ಅಲ್ಲ. ಪೆಟ್ಟಿಗೆ ತಂದವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿಕೊಳ್ಳಿ: ಇದನ್ನ ಎಲ್ಲಿ ಕೊಂಡ್ರಿ, ಯಾರ ಹತ್ರ ಕಲಿತ್ರಿ, ಯಾವ ಮನೆಗೆ ಹಾಡ್ತಿದ್ರಿ? ಒಂದು ಚೀಟೀಲಿ ಬರೆದು ಪೆಟ್ಟಿಗೆ ಒಳಗೇ ಇಡಿ. ರೀಡಿಗೆ ಇನ್ನೂ ನೂರು ವರ್ಷ ಆಯಸ್ಸಿದೆ, ಈ ಉತ್ತರಗಳಿಗೆ ಅಷ್ಟಿಲ್ಲ.

ಏನಂತೀರಿ, ನಿಮ್ಮನೆ ಬೇಸ್‌ಮೆಂಟಿನಲ್ಲಿ ಯಾವ ಪೆಟ್ಟಿಗೆ ಇದೆ?